ಸುಧಾಕರ ಮಾವನಿಗೆ ಹಾವು ಕಚ್ಚಲಿಲ್ಲ

ನೀರು ಚಿಮುಕಿಸಿ ಗೋಣಿಯಲ್ಲಿ ಸುತ್ತಿಟ್ಟ ಬೀಡಿ ಎಲೆಯ ವಾಸನೆ ಎಲ್ಲಾದರೂ ಮೂಗಿಗೆ ಬಡಿದರೆ ಈಗಲೂ ವರ್ಕಾಡಿಯ ನಮ್ಮ ಹಳೆಯ ಮನೆಯ ಜಗಲಿ ಕಣ್ಣಮುಂದೆ ಬರುತ್ತದೆ. ಆ ಮನೆ ಈಗಿಲ್ಲ. ಅಜ್ಜಿಯೂ ಅಮ್ಮನೂ ಅಲ್ಲಿ ಕಾಲು ನೀಡಿ ಕೂತು, ಮಡಿಲಲ್ಲಿ ಮೊರ ಇಟ್ಟು ಬೀಡಿ ಕಟ್ಟುತ್ತಿದ್ದರು. ಅಮ್ಮನ ತಮ್ಮ ಸುಧಾಕರ ಮಾವ ಸಂಜೆ ಗದ್ದೆಯಾಚೆಯ ರಸ್ತೆಯಲ್ಲಿ ಜೀಪು ನಿಲ್ಲಿಸಿ ಬಂದವನೇ ಅವರ ನಡುವೆ ಕೂತು, ಒಂದು ಬೀಡಿ ಕದ್ದು, ಬೈಗುಳ ತಿನ್ನುತ್ತಿದ್ದ. ಇಪ್ಪತ್ತನಾಲ್ಕು ವರ್ಷ. ಹೊಸಂಗಡಿಗೆ ಸರ್ವೀಸ್ ಜೀಪು ಓಡಿಸುತ್ತಿದ್ದ. ಶಾಲೆಯ ಮಕ್ಕಳು ಮಳೆಯಲ್ಲಿ ನಿಂತದ್ದು ಕಂಡರೆ, ಒಳಗೆ ಎಷ್ಟೇ ಜನ ಇರಲಿ, ಬ್ರೇಕು ಹಾಕಿ, "ಹತ್ತಿ ಮಾರಾಯ್ರೇ, ಯಾರ ಮಡಿಲಾದರೂ ಆದೀತು" ಅನ್ನುತ್ತಿದ್ದ. ನನ್ನನ್ನು ಮಾತ್ರ ಮುಂದೆ ತನ್ನ ಪಕ್ಕ ಕೂರಿಸಿ ಹಾರ್ನ್ ಒತ್ತಲು ಬಿಡುತ್ತಿದ್ದ. ಅಪ್ಪನನ್ನು ಕಂಡ ನೆನಪಿಲ್ಲದ ನನಗೆ ಅವನೇ ಎಲ್ಲವೂ.

ಆಗ ನಾನು ಮೂರನೇ ಕ್ಲಾಸು. ಭತ್ತ ತೆನೆ ಬಿಟ್ಟ ಸಮಯ. ಒಂದು ಬೆಳಿಗ್ಗೆ ಮಾವ ಬುತ್ತಿ ಮರೆತು ಹೊರಟದ್ದು ಕಂಡು ನಾನು ಅದನ್ನು ಹಿಡಿದು ಗದ್ದೆಯ ನಡುವಿನ ಮಣ್ಣಿನ ಹುಣಿಯ ಮೇಲೆ ಓಡಿದೆ. ಅವನು ಹುಣಿಯಿಂದ ಕೆಳಗೆ ಕೆಸರಿನಲ್ಲಿ ಮಗುಚಿ ಬಿದ್ದಿದ್ದ. ಗದ್ದೆಯ ಯಜಮಾನರಾದ ನೆರೆಮನೆಯ ವಾಸಣ್ಣ, ಕಾಡುಹಂದಿ ಬಾರದಿರಲೆಂದು ಸುತ್ತಲೂ ಎಳೆದು ಕರೆಂಟು ಕೊಟ್ಟಿದ್ದ ಸರಿಗೆ ತಂತಿಯನ್ನು ಅವಸರದಿಂದ ಮೊಣಕೈಗೆ ಸುತ್ತಿಕೊಳ್ಳುತ್ತಿದ್ದರು. ನನ್ನನ್ನು ಕಂಡು ಒಂದು ಕ್ಷಣ ನಿಂತರು. "ಓಡು ಮಗಾ, ಅಮ್ಮನನ್ನು ಕರೆ. ಹಾವು ಕಚ್ಚಿದ್ದು." ಊರಿನ ದೊಡ್ಡವರೂ ಹಾವು ಅಂದರು, ಸತ್ತವನನ್ನು ಇನ್ನು ಆಸ್ಪತ್ರೆಗೆ ಯಾಕೆ ಅಂದರು. ಮಧ್ಯಾಹ್ನದೊಳಗೆ ಚಿತೆಗೆ ಬೆಂಕಿ ಬಿತ್ತು. ಮೈ ತೊಳೆದ ಅಜ್ಜಿ ಅವನ ಕಣಕಾಲಿನ ಸುಟ್ಟ ಗೆರೆ ನೋಡಿದ್ದರು. ನಾನು ಕಂಡದ್ದನ್ನು ಹೇಳಿದಾಗ ನನ್ನ ಬಾಯಿಗೆ ಕೈ ಅಡ್ಡ ಹಿಡಿದರು. "ನಮಗೆ ದಾರಿ ಅವರ ಗದ್ದೆಯಲ್ಲಿ, ಕುಡಿಯುವ ನೀರು ಅವರ ಬಾವಿಯದ್ದು. ಎಲ್ಲಿಯೂ ಹೇಳಬೇಡ."

ಹೇಳಲಿಲ್ಲ. ಆದರೆ ಆವತ್ತಿನಿಂದ ನನ್ನ ಮನಸ್ಸಿನಲ್ಲಿ ವಾಸಣ್ಣ ಬರೀ ವಾಸು ಆದ, 'ಅವರು' ಹೋಗಿ 'ಅವನು' ಆದ. ಮರುವರ್ಷ ಅವನು ನಾಟಿಗೆ ಬೆಳೆಸಿದ ನೇಜಿಯನ್ನು ಹಿಡಿಹಿಡಿಯಾಗಿ ಕಿತ್ತು ತೋಡಿನ ನೀರಿಗೆ ಬಿಟ್ಟೆ. ಅವನಿಗೆ ನಿಜವಾಗಿಯೂ ಹಾವು ಕಚ್ಚಲಿ ಎಂದು ದೇವರ ಮುಂದೆ ಕಣ್ಣುಮುಚ್ಚಿ ಬೇಡಿದೆ. ಕಚ್ಚಲಿಲ್ಲ. ಅವನು ಮಾಳಿಗೆ ಮನೆ ಕಟ್ಟಿಸಿದ, ಮಕ್ಕಳ ಮದುವೆ ಮಾಡಿದ, ಮೊಮ್ಮಕ್ಕಳನ್ನು ಆಡಿಸಿದ. ನಾನು ಟೀಚರ್ ಆಗಿ, ಕೇಳಿಕೊಂಡು ಅದೇ ಊರಿನ ಶಾಲೆಗೆ ವರ್ಗ ಮಾಡಿಸಿಕೊಂಡೆ. ಕಾಯುತ್ತಿದ್ದೆ ಅಂದರೆ ಸುಳ್ಳಲ್ಲ.

ಹೋದ ವರ್ಷ ಶಾಲೆಯ ವಾರ್ಷಿಕೋತ್ಸವದಲ್ಲಿ ಹಿರಿಯ ಕೃಷಿಕನೆಂದು ಅವನಿಗೆ ಸನ್ಮಾನ. "ನಿಮ್ಮ ನೆರೆಯವರಲ್ಲವಾ ಟೀಚರೇ, ಮಾನಪತ್ರ ನೀವೇ ಓದಿ" ಅಂದರು ಹೆಡ್ಮಾಸ್ಟರು. ಓದಿದೆ, ಒಂದಕ್ಷರ ಬಿಡದೆ. ಮಡಚಿಟ್ಟು, ಅದೇ ಮೈಕಿನಲ್ಲಿ, ಆ ಬೆಳಿಗ್ಗೆ ಕಂಡದ್ದನ್ನೂ ಹೇಳಿದೆ. ಅವನ ಮಗ ಎದ್ದು ನಿಂತು, "ಎಂತ ಮಾತಾಡ್ತಿದ್ದೀರಿ ಟೀಚರೇ?" ಎಂದು ಕೂಗಿದ. ಶಾಲು ಹೊದ್ದು ಕೂತಿದ್ದ ಮುದುಕ ಕೈಯೆತ್ತಿ ಮಗನನ್ನು ತಡೆದ.

"ಹಂದಿಗೆ ಇಟ್ಟದ್ದು ಮಗಾ," ಅಂದ ನನ್ನೊಡನೆ.

"ಹಂದಿಗೆ ಇಟ್ಟದ್ದು ಸರಿ. ಹಾವು ಅಂದದ್ದು ಯಾಕೆ?"

ಅವನು ಶಾಲು ತೆಗೆದು ಕುರ್ಚಿಯ ಮೇಲಿಟ್ಟು, ಮಗನ ಭುಜ ಹಿಡಿದು ಇಳಿದುಹೋದ. ಆಮೇಲೆ ಅವನನ್ನು ಪೇಟೆಯಲ್ಲಿ ಕಂಡವರಿಲ್ಲ. ಮುದಿ ಜೀವಕ್ಕೆ ಹಾಗೆ ಮಾಡಬಾರದಿತ್ತು ಅಂದವರುಂಟು. ನಿಮಗೂ ಹಾಗನ್ನಿಸಬಹುದು, ನಿಮ್ಮವರನ್ನು ಹೀಗೆ ಕಳಕೊಂಡವರಾದರೆ ಅನ್ನಿಸಲಿಕ್ಕಿಲ್ಲ. ಅವನು ತಲೆ ತಗ್ಗಿಸಿ ಮೆಟ್ಟಿಲಿಳಿದದ್ದನ್ನು ನಾನು ಎಷ್ಟೋ ಸಲ ನೆನೆದು ಸುಖಪಟ್ಟಿದ್ದೇನೆ.

ಆ ಸಂಜೆ ನಾನು ಮನೆಗೆ ಬರುವಾಗಲೇ ಅಮ್ಮನಿಗೆ ಸುದ್ದಿ ಮುಟ್ಟಿತ್ತು. ತಮ್ಮ ಸತ್ತ ಮೇಲೆ ಅವನ ಹೆಸರನ್ನು ಒಮ್ಮೆಯೂ ಎತ್ತದ ಅಮ್ಮ ನನ್ನನ್ನು ಬಯ್ಯಲಿಲ್ಲ, ಹೊಗಳಲೂ ಇಲ್ಲ. ಚಾ ಕೊಟ್ಟು ಎದುರು ಕೂತಳು. "ಸುಧಾಕರನಿಗೆ ಕಪ್ಪೆ ಅಂದರೆ ಹೆದರಿಕೆ, ಗೊತ್ತುಂಟಾ ನಿನಗೆ?" ಅಂದಳು. "ಮಳೆಗಾಲದಲ್ಲಿ ನಾನು ಮುಂದೆ ಹೋಗಿ ಓಡಿಸಿದರೆ ಮಾತ್ರ ಅಂಗಳಕ್ಕೆ ಇಳಿಯುತ್ತಿದ್ದ."

ನನಗೆ ಗೊತ್ತಿರಲಿಲ್ಲ. ಇನ್ನೂ ಹೇಳು ಅಂದೆ. ಅಮ್ಮ ಹೇಳುತ್ತಾ ಹೋದಳು. ಚಾ ಆರಿಹೋಯಿತು.