ತಂಪಿನ ಪಂಡಿತರೂ ಒಂದು ಗ್ರಾಫಿಕ್ಸ್ ಕಾರ್ಡೂ

ನಮ್ಮ ರಾಯಚೂರಿನಲ್ಲಿ ಬಿಸಿಲನ್ನು ಬೈಯುವವರು ಎಷ್ಟು ಮಂದಿಯೋ ತಂಪಿನ ಬಗ್ಗೆ ಉಪದೇಶಿಸುವವರೂ ಅಷ್ಟೇ ಮಂದಿ. ಏಪ್ರಿಲ್ ತಿಂಗಳಲ್ಲಿ ತಲೆಯ ಮೇಲೆ ಒದ್ದೆ ಟವೆಲು ಹೊದ್ದು ಆಟೋದಲ್ಲಿ ನನ್ನ ಪಕ್ಕಕ್ಕೆ ಬಂದು ಕೂತವನು, ತಾನಿಳಿಯುವ ಜಾಗ ಬರುವಷ್ಟರಲ್ಲಿ ಮಜ್ಜಿಗೆಗೆ ಎಷ್ಟು ಜೀರಿಗೆ, ಮಾಳಿಗೆಗೆ ಎಷ್ಟು ಸುಣ್ಣ, ಕೂಲರಿಗೆ ಎಂಥ ಹುಲ್ಲು ಎಂಬ ಮೂರೂ ಶಾಸ್ತ್ರಗಳನ್ನು ಮುಗಿಸಿಬಿಡುತ್ತಾನೆ. ಅವನ ಬೆವರು ನನ್ನ ಅಂಗಿಗೆ ಅಂಟುತ್ತದೆಯೇ ಹೊರತು ಅವನ ಶಾಸ್ತ್ರ ಅಂಟುವುದಿಲ್ಲ. ಈ ಪಂಡಿತ ಪರಂಪರೆಯನ್ನು ನಾನು ಬಹುಕಾಲದಿಂದ ತಿರಸ್ಕಾರದಿಂದಲೇ ನೋಡಿಕೊಂಡು ಬಂದವನು. ಅವರ ಸಭೆಯಲ್ಲಿ ನನಗೂ ಒಂದು ಕುರ್ಚಿ ಹಾಕಿಟ್ಟಿದ್ದಾರೆಂದು ತಿಳಿದದ್ದು ನನ್ನ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡು ಸತ್ತ ಮೇಲೆ.

ಪರದೆಯ ಮೇಲೆ ಚಿತ್ರಗಳನ್ನು ಮೂಡಿಸಿ ಓಡಿಸುವುದೊಂದೇ ಈ ಕಾರ್ಡಿನ ಕಸುಬು. ಚಿತ್ರ ಓಡಿದಷ್ಟೂ ಅದಕ್ಕೆ ಮೈ ಬಿಸಿ, ಬಿಸಿಯಾದಷ್ಟೂ ಅದರ ಬೆನ್ನಿಗೆ ಅಂಟಿಸಿದ ಪಂಖಗಳಿಗೆ ದುಡಿಮೆ. ಕಾಲೇಜಿನಲ್ಲಿ ಹಳಗನ್ನಡದ ಪಾಠ ಹೇಳಿಕೊಂಡಿರುವ ಐವತ್ತೈದರ ಮನುಷ್ಯನಿಗೆ ಇದರ ಉಸಾಬರಿ ಏಕೆ ಎಂದು ನೀವು ಕೇಳುವುದು ಸಹಜ. ನನ್ನ ಸಹೋದ್ಯೋಗಿಗಳು ಕೇಳಿಯೇ ಇದ್ದಾರೆ. ಅವರಿಗೆ ಸಂಶೋಧನೆ ಎಂದು ಹೇಳಿದ್ದೇನೆ. ನಿಮಗೆ ನಿಜ ಹೇಳುತ್ತೇನೆ: ನನ್ನ ಮನೆಯಲ್ಲಿ ಒಂದು ಲಾರಿ ಓಡಿಸುವ ಆಟವಿದೆ. ಸ್ಟಿಯರಿಂಗು, ಕಾಲಡಿಯ ಪೆಡಲುಗಳು ಎಲ್ಲವೂ ಇವೆ. ಅದನ್ನು ತಂದದ್ದು ನಾನು, ಓಡಿಸುತ್ತಿದ್ದದ್ದು ಭೀಮಣ್ಣ.

ಭೀಮಣ್ಣ ದೇವದುರ್ಗ ತಾಲೂಕಿನ ಗಬ್ಬೂರಿನವನು, ಮೂವತ್ತು ವರ್ಷ ಹತ್ತು ಗಾಲಿಯ ಲಾರಿ ಓಡಿಸಿದವನು. ನಾನು ಮಾನವಿಯ ಮನೆ ಬಿಟ್ಟು ರಾಯಚೂರಿಗೆ ಬಂದಾಗ ನನ್ನ ಸಾಮಾನು ಹೇರಿಕೊಂಡು ಬಂದವನೂ ಅವನೇ. ಅಂದು ನಾಲ್ಕು ಕಪಾಟಿನ ಪುಸ್ತಕ ಇಳಿಸಿ ಬೆವರೊರೆಸಿಕೊಳ್ಳುತ್ತ, ಭತ್ತ ಹೇರಿದ್ದೇನೆ, ಹತ್ತಿ ಹೇರಿದ್ದೇನೆ, ತಿನ್ನಲಿಕ್ಕೂ ಬಾರದ ಉಡಲಿಕ್ಕೂ ಬಾರದ ಇಷ್ಟು ಭಾರವನ್ನು ಎಂದೂ ಹೇರಿರಲಿಲ್ಲ ಎಂದಿದ್ದ. ನನ್ನ ವಿದ್ವತ್ತಿನ ಬಗ್ಗೆ ಇಷ್ಟು ಸಂಕ್ಷಿಪ್ತ ವಿಮರ್ಶೆ ಬೇರೆ ಯಾರೂ ಬರೆದಿಲ್ಲವಾದ್ದರಿಂದ ನಮ್ಮ ಸ್ನೇಹ ಬೆಳೆಯಿತು. ಮುಂದೆ ಅವನಿಗೆ ಸಕ್ಕರೆ ಕಾಯಿಲೆ ಬಂತು, ಅಂಗಾಲಿನಲ್ಲಿ ಸ್ಪರ್ಶಜ್ಞಾನವೇ ಹೋಯಿತು. ಕಾಲು ಬ್ರೇಕಿನ ಮೇಲಿದೆಯೋ ಆಕ್ಸಿಲರೇಟರಿನ ಮೇಲಿದೆಯೋ ತಿಳಿಯದವನ ಕೈಗೆ ಲಾರಿ ಕೊಡುವವರು ಯಾರು? ಒಂದು ವರ್ಷ ಮನೆಯ ಕಟ್ಟೆಯ ಮೇಲೆ ಕೂತು ದಾರಿಯಲ್ಲಿ ಹೋಗುವ ಗಾಡಿಗಳ ಸದ್ದು ಕೇಳಿಯೇ ಯಾವುದರ ಗೇರು ಸವೆದಿದೆ ಎಂದು ಹೇಳುತ್ತಿದ್ದನಂತೆ.

ಅವನನ್ನು ಒಂದು ಭಾನುವಾರ ನಾನು ತಮಾಷೆಗೆಂದು ಆ ಆಟದ ಮುಂದೆ ಕೂರಿಸಿದೆ. ಮೂರು ತಾಸು ಎದ್ದೇಳಲಿಲ್ಲ. ಅಂದಿನಿಂದ ಪ್ರತಿ ಭಾನುವಾರ ಮೊದಲ ಬಸ್ಸಿಗೆ ಗಬ್ಬೂರಿನಿಂದ ಬರತೊಡಗಿದ. ಲೋಕದ ಹುಡುಗರೆಲ್ಲ ಆ ಆಟದಲ್ಲಿ ಲಾರಿಯನ್ನು ವಿಮಾನದಂತೆ ಹಾರಿಸಿದರೆ ಇವನು ನಲವತ್ತರ ಮೇಲೆ ಮುಳ್ಳು ಏರಗೊಡುತ್ತಿರಲಿಲ್ಲ. ಪ್ರತಿ ತಿರುವಿಗೂ ಹಾರ್ನು ಹೊಡೆಯುತ್ತಿದ್ದ, ಘಾಟಿ ಹತ್ತಿದ ಮೇಲೆ ಇಂಜಿನ್ ಆರಲೆಂದು ಲಾರಿಯನ್ನು ಬದಿಗೆ ಹಾಕಿ ಚಹಾ ಕುಡಿಯುತ್ತಿದ್ದ. ಒಮ್ಮೆ ಕಾಲು ತಪ್ಪಿ, ಲಾರಿ ಒಂದು ಗೋಡೆಗೆ ಗುದ್ದಿತು. ಅವನು ಪರದೆಯ ಹತ್ತಿರಕ್ಕೆ ಬಗ್ಗಿ ನೋಡಿ, "ಇಲ್ಲಿ ಬ್ರೇಕ್ ತಪ್ಪಿದ್ರ ಯಾರೂ ಸಾಯಂಗಿಲ್ಲ ನೋಡ್ರಿ, ಸರ" ಎಂದ. ಆಮೇಲೆ ಗೇರು ಬದಲಿಸಿ ಲಾರಿಯನ್ನು ನೆಮ್ಮದಿಯಿಂದ ಹಿಂದಕ್ಕೆ ತೆಗೆದ.

ಇಲ್ಲಿ ಇನ್ನೊಂದು ಸಂಗತಿ ಹೇಳಬೇಕು. ನಮ್ಮ ಕಡೆ ಪರವೂರಿನಿಂದ ಬಂದವರಿಗೆ ಕುಡಿಯಲು ನೀರು ಕೊಡುವ ಮೊದಲು ಕಾಲಿಗೆ ನೀರು ಕೊಡುವುದು ಪದ್ಧತಿ. ಪ್ರಾಥಮಿಕ ಶಾಲೆಯಲ್ಲಿ ಕಲಿಸುವ ನನ್ನ ಹೆಂಡತಿಯನ್ನು ಭೀಮಣ್ಣ ಅಕ್ಕೋರು ಎಂದು ಕರೆಯುತ್ತಾನೆ. ಅಕ್ಕೋರು ಒಂದು ಭಾನುವಾರ ಹೊಸ್ತಿಲಲ್ಲಿ ತಂಬಿಗೆ ನೀರು ಕೊಟ್ಟು ನಿಂತಿದ್ದಾಗ ಅವನ ಅಂಗಾಲಿನಲ್ಲಿ ಮುರಿದ ಜಾಲಿಮುಳ್ಳೊಂದು ಕಂಡಿತು. ಎಷ್ಟು ದಿನದಿಂದ ಅದನ್ನು ತುಳಿದುಕೊಂಡು ನಡೆದಿದ್ದನೋ, ಅವನಿಗೇ ಗೊತ್ತಿರಲಿಲ್ಲ. ಅಂದಿನಿಂದ ಕಾಲಿಗೆ ನೀರು ಕೊಡುವುದು ಉಪಚಾರ ಹೋಗಿ ಪರೀಕ್ಷೆಯಾಯಿತು. ಅವನು ಕಾಲು ತೊಳೆದು, ಗೋಡೆಗೆ ಕೈಯೂರಿ ಒಂದಾದ ಮೇಲೆ ಒಂದು ಅಂಗಾಲು ಎತ್ತಿ ತೋರಿಸಬೇಕು. ಇವಳು ಕನ್ನಡಕ ಏರಿಸಿ, ಮಕ್ಕಳ ಕಾಪಿ ತಿದ್ದುವ ಗಾಂಭೀರ್ಯದಿಂದ ನೋಡಿ ಒಳಗೆ ಬಿಡಬೇಕು. ಮೂವತ್ತು ವರ್ಷದಲ್ಲಿ ಯಾವ ಚೆಕ್‌ಪೋಸ್ಟಿಗೂ ಹೀಗೆ ಅಂಜಿರಲಿಲ್ಲ ಎಂದು ಅವನು ನಗುತ್ತಿದ್ದ.

ಎಲ್ಲ ಸರಿಯಿದ್ದಾಗ ಇರಲಾರದೆ ಇರುವೆ ಬಿಟ್ಟುಕೊಂಡವನು ನಾನು. ಭೀಮಣ್ಣನ ರಸ್ತೆ ಇನ್ನೂ ನಿಚ್ಚಳವಾಗಿ ಕಾಣಬೇಕು, ಬದಿಯ ಬೇವಿನ ಮರದ ಎಲೆ ಎಲೆಯೂ ಅಲ್ಲಾಡಬೇಕು ಎಂಬ ಹುಕಿ ಹತ್ತಿತು. ಇದಕ್ಕೆ ಓವರ್‌ಕ್ಲಾಕಿಂಗ್ ಎಂಬ ವಿದ್ಯೆಯಿದೆ. ಕಾರ್ಡನ್ನು ತಯಾರಿಸಿದವನು ಇಷ್ಟು ವೇಗ ಸಾಕು ಎಂದು ಕಟ್ಟಿಕೊಟ್ಟದ್ದನ್ನು, ಅವನಿಗೇನು ತಿಳಿಯುತ್ತದೆ ಎಂದು ತಳ್ಳಿಹಾಕಿ, ನಾವೇ ಮುಳ್ಳು ತಿರುವಿ ವೇಗ ಏರಿಸುವ ಉದ್ಧಟತನಕ್ಕೆ ಇಟ್ಟ ಸಭ್ಯ ಹೆಸರು ಅದು. ಏರಿಸಿದೆ. ಎಲೆಗಳು ಅಲ್ಲಾಡಿದವು, ಕಾರ್ಡು ಹೆಂಚಿನಂತೆ ಕಾಯಿತು. ಆಗ ನನ್ನೊಳಗಿನ ತಂಪಿನ ಪಂಡಿತ ಎಚ್ಚರಗೊಂಡು, ಕಂಪ್ಯೂಟರಿನ ಪಕ್ಕದ ಮುಚ್ಚಳ ತೆಗೆದು ಮನೆಯ ದೊಡ್ಡ ಕೂಲರನ್ನು ಅದರ ಬಾಯಿಗೇ ತಿರುಗಿಸಿಟ್ಟ. ಕೂಲರು ಕುಡಿಯುವುದು ನಮ್ಮ ಬೋರಿನ ಸವುಳು ನೀರು. ಆ ನೀರು ಕೊಡದ ತಳದಲ್ಲಿ ಬಿಳಿ ಚಕ್ಕೆ ಕಟ್ಟುವುದನ್ನು ದಿನವೂ ನೋಡುವವನು ನಾನು, ಅದನ್ನೇ ಹನಿಹನಿಯಾಗಿ ಕಾರ್ಡಿಗೆ ಸಿಂಪಡಿಸಿದೆ. ಮೂರನೆಯ ಭಾನುವಾರ ಭೀಮಣ್ಣ ಘಾಟಿ ಇಳಿಯುತ್ತಿದ್ದಾಗ ರಸ್ತೆಯ ಮೇಲೆ ಹಸಿರು ಗೆರೆಗಳೆದ್ದು ಪರದೆ ಕತ್ತಲಾಯಿತು. ಅವನು ಬ್ರೇಕ್ ತುಳಿದವನು ಕಾಲು ತೆಗೆಯದೆ ಹಾಗೆಯೇ ಕೂತಿದ್ದ. ಆಮೇಲೆ ನನ್ನ ಕಡೆ ತಿರುಗಿ, ಗಾಡಿ ಬಂದಾಯಿತು ಎಂದಷ್ಟೇ ಹೇಳಿದ. ಮುಚ್ಚಳದೊಳಗೆ ಕಾರ್ಡು ವಿಭೂತಿ ಬಳಿದುಕೊಂಡು ಸಮಾಧಿಸ್ಥವಾಗಿತ್ತು.

ಹೊಸ ಕಾರ್ಡು ಆರಿಸುವ ಕಾಂಡ ಇಲ್ಲಿಂದ ಆರಂಭ. ಮರುದಿನವೇ ಸ್ಟೇಷನ್ ರಸ್ತೆಯ ಅಂಗಡಿಗೆ ಹೋದೆ. ಅಂಗಡಿಯಾತ ಎರಡು ಪಂಖದ ಒಂದು ಸಾದಾ ಕಾರ್ಡು ಮುಂದಿಟ್ಟು, ನಿಮ್ಮ ಆಟಕ್ಕೆ ಇದು ಧಾರಾಳವಾಯಿತು, ಕಂಪನಿ ಕೊಟ್ಟ ವೇಗದಲ್ಲೇ ಓಡಿಸಿರಿ ಎಂದ. ಒಂದೇ ಮಾತಿನಲ್ಲಿ ಮುಗಿದುಹೋಗುವ ಸಲಹೆಯನ್ನು ವಿದ್ಯಾವಂತರು ನಂಬುವುದುಂಟೇ? ಮಾರಾಟವಾಗದೆ ಉಳಿದ ಮಾಲನ್ನು ಮೇಷ್ಟರ ತಲೆಗೆ ಕಟ್ಟುತ್ತಿದ್ದಾನೆಂದು ಮನಸ್ಸಿನಲ್ಲೇ ನಕ್ಕು ಹೊರಬಂದೆ.

ಮಾನವಿಯಲ್ಲಿ ಮದುವೆಗಳ ವಿಡಿಯೋ ತೆಗೆಯುವ ಒಬ್ಬ ಪರಿಚಿತನಿದ್ದಾನೆ. ಅವನಲ್ಲಿಗೆ ಹೋದರೆ, ಅವನ ಯಂತ್ರವೇ ಒಂದು ಕಲ್ಯಾಣಮಂಟಪ: ಕೆಂಪು, ನೀಲಿ, ನೇರಳೆ ದೀಪ, ಮೂರು ಪಂಖದ ಕಾರ್ಡು, ಎಲ್ಲಕ್ಕೂ ಮಿಗಿಲಾಗಿ ಎದುರಿಗೊಂದು ಆಳೆತ್ತರದ ಸ್ಟ್ಯಾಂಡ್ ಫ್ಯಾನು. ಅವನು ಮಾತ್ರ ಗಾಳಿಯಿಲ್ಲದ ಮೂಲೆಯಲ್ಲಿ ಬೆವರುತ್ತ ಕೂತಿದ್ದ. ವೇಗ ಏರಿಸಿದ್ದರಿಂದ ಒಂದು ಮದುವೆಗೆ ಅರ್ಧ ತಾಸು ಉಳಿಯುತ್ತದೆ ಎಂದ. ಉಳಿದ ಅರ್ಧ ತಾಸಿನಲ್ಲಿ ಏನು ಮಾಡುವೆ ಎಂದೆ. ಯಂತ್ರ ತಣ್ಣಗಾಗಲು ಕಾಯುತ್ತೇನೆ ಎಂದ.

ನಮ್ಮ ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕರು ಇನ್ನೂ ಎತ್ತರದಲ್ಲಿದ್ದರು. ಗಾಳಿಯೆಂಬುದು ಅನಾಗರಿಕ, ನೀರೇ ನಾಗರಿಕತೆ, ಆದ್ದರಿಂದ ನಳಿಗೆ ಜೋಡಿಸಿ ಸಣ್ಣ ಪಂಪಿನಿಂದ ಕಾರ್ಡಿನ ಸುತ್ತ ನೀರು ಹರಿಸಬೇಕು ಎಂದು ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ತೋರಿಸಿದರು. ನಳದ ನೀರು ಬರುವ ದಿನ ಬೀದಿಯೆಲ್ಲ ಕೊಡ ಹಿಡಿದು ನಿಲ್ಲುವ ಊರಿನಲ್ಲಿ ಕಾರ್ಡಿಗೊಂದು ಪ್ರತ್ಯೇಕ ನೀರಾವರಿ ಯೋಜನೆ! ಅವರ ಮನೆಗೆ ಹೋಗಿ ನೋಡಿದರೆ, ಕಾಯುವ ತಮ್ಮ ಲ್ಯಾಪ್‌ಟಾಪನ್ನು ಮಹಾಶಯರು ಶಹಾಬಾದ್ ಕಲ್ಲಿನ ಒಂದು ತುಂಡಿನ ಮೇಲಿಟ್ಟು, ಪಕ್ಕದಲ್ಲಿ ನೆಲಕ್ಕೆ ಕೂತು ಬಳಸುತ್ತಿದ್ದರು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ಇನ್ನು ಅಂತರ್ಜಾಲದ ವಿಮರ್ಶಕರು. ಸ್ವೆಟರ್ ತೊಟ್ಟು ಕೂತ ಈ ಪುಣ್ಯಾತ್ಮರು, ನಮ್ಮಲ್ಲಿ ಬೆಳಿಗ್ಗೆ ನಳದಲ್ಲಿ ಬರುವ ನೀರಿಗಿಂತಲೂ ತಂಪಾದ ಕೋಣೆಗಳಲ್ಲಿ ಕಾರ್ಡು ಓಡಿಸಿ, ಇದು ಅದಕ್ಕಿಂತ ಎರಡು ಡಿಗ್ರಿ ತಂಪು ಎಂದು ತೀರ್ಪು ಕೊಡುತ್ತಾರೆ. ನಾನು ಅವರೆಲ್ಲರನ್ನೂ ಹೀಯಾಳಿಸಿದೆ, ಹೀಯಾಳಿಸುತ್ತಲೇ ಅವರು ಹೇಳಿದ್ದೆಲ್ಲವನ್ನೂ ನೋಟ್‌ಪುಸ್ತಕದಲ್ಲಿ ಬರೆದುಕೊಂಡೆ. ಯಾವುದರ ಪಂಖಕ್ಕೆ ಎಷ್ಟು ರೆಕ್ಕೆ, ಯಾವುದರ ತಾಮ್ರ ಎಷ್ಟು ದಪ್ಪ, ಯಾವುದು ಎಷ್ಟು ಏರಿಸಿದರೆ ತಾಳುತ್ತದೆ, ಪುಟದ ಮೇಲೆ ಪುಟ. ಪಿಎಚ್‌ಡಿಗೂ ನಾನು ಇಷ್ಟು ಟಿಪ್ಪಣಿ ಮಾಡಿದವನಲ್ಲ.

ಹೀಗೆ ಆರು ಭಾನುವಾರ ಕಳೆದವು. ಪ್ರತಿ ಶನಿವಾರ ಸಂಜೆ ಭೀಮಣ್ಣನ ಫೋನು ಬರುತ್ತಿತ್ತು. "ಬಂತೇನ್ರಿ, ಸರ?" ಇಷ್ಟೇ ಪ್ರಶ್ನೆ. ನಾನು ಹತ್ತು ನಿಮಿಷ ಪಂಖಗಳ ಬಗ್ಗೆ ಉಪನ್ಯಾಸ ಕೊಡುತ್ತಿದ್ದೆ. ಅವನು ಹೂಂಗುಟ್ಟಿ, ಅವಸರವೇನಿಲ್ಲ ಎಂದು ಫೋನು ಇಡುತ್ತಿದ್ದ. ಏಳನೆಯ ಶನಿವಾರ ಫೋನು ಬರಲಿಲ್ಲ. ನನಗೆ ಅದು ಗಮನಕ್ಕೂ ಬರಲಿಲ್ಲ, ನೋಟ್‌ಪುಸ್ತಕದಲ್ಲಿ ಮುಳುಗಿದ್ದೆ. ಎದುರಿಗೆ ಬಂದು ನಿಂತವಳು ಹೆಂಡತಿ.

"ಭೀಮಣ್ಣನ ಕಾಲು ನೋಡಿ ಏಳು ವಾರ ಆತು" ಎಂದಳು.

ಮರುದಿನ ಇಬ್ಬರೂ ಗಬ್ಬೂರಿನ ಬಸ್ಸು ಹತ್ತಿದೆವು. ಅವನ ಮನೆಯ ಬಾಗಿಲಿನಲ್ಲಿ ಸೊಸೆ ಮಾತಿಗೂ ಮೊದಲು ಎರಡು ತಂಬಿಗೆ ನೀರು ತಂದು ನಮ್ಮ ಕಾಲಿಗೆ ಕೊಟ್ಟಳು. ನನ್ನ ಹೆಂಡತಿ ಕಾಲು ತೊಳೆದವಳು ಒಳಗೆ ಹೋಗದೆ, ಕಟ್ಟೆಯ ಮೇಲಿದ್ದ ಭೀಮಣ್ಣನಿಗೆ ಕಾಲು ತೋರಿಸು ಎಂದಳು. ಅವನು ಮೊದಲು ಎಡಗಾಲು ತೋರಿಸಿದ. ಬಲಗಾಲು ತೋರಿಸಲು ತಡ ಮಾಡಿದ. ಕಿರುಬೆರಳು ಕಪ್ಪಾಗಿತ್ತು. ಯಾವಾಗ ಎಡವಿದ್ದನೋ, ಎಂದು ಗಾಯವಾಯಿತೋ ತಿಳಿಯದು. ವಾಸನೆ ಬಂದ ಮೇಲಷ್ಟೇ ಅವನು ಬಗ್ಗಿ ನೋಡಿದ್ದು. ಹೆಂಡತಿ ತೀರಿಕೊಂಡಿದ್ದಾಳೆ, ಮಗ ಲಾರಿಯ ಮೇಲೆ ಊರೂರು ತಿರುಗುತ್ತಾನೆ, ಸೊಸೆಯ ಮುಂದೆ ಮಾವ ಅಂಗಾಲು ಎತ್ತಿ ತೋರಿಸುವುದುಂಟೇ? ಅದನ್ನು ನೋಡುವ ಹಕ್ಕು ಈ ಲೋಕದಲ್ಲಿ ಒಬ್ಬ ಅಕ್ಕೋರಿಗೆ ಮಾತ್ರ ಇತ್ತು. ಅವಳ ಹೊಸ್ತಿಲಿಗೆ ಅವನು ಬರುವ ದಾರಿಯನ್ನು ನಾನು ಮುಚ್ಚಿ ಕೂತಿದ್ದೆ.

ಆ ದಿನವೇ ರಾಯಚೂರಿನ ಆಸ್ಪತ್ರೆಗೆ ಕರೆತಂದೆವು. ಬೆರಳು ತೆಗೆದರು. ಇನ್ನೊಂದು ವಾರ ಬಿಟ್ಟಿದ್ದರೆ ಪಾದವೇ ಹೋಗುತ್ತಿತ್ತು ಎಂದು ಡಾಕ್ಟರು ಹೇಳಿದರು. ಮಂಚದ ಪಕ್ಕ ಕೂತು ನಾನು, ಯಂತ್ರ ಕೆಟ್ಟರೇನಾಯಿತು, ಎಂದಿನಂತೆ ಬರಬಾರದಿತ್ತೇ ಎಂದು ಅವನನ್ನೇ ಗದರಿಸಿದೆ. ತಪ್ಪು ಮಾಡಿದವನಿಗೆ ಮೊದಲು ಬರುವುದು ಸಿಟ್ಟು.

"ಕೆಲಸಿಲ್ಲದ ಹೆಂಗ ಬರ್ಲಿರಿ, ಸರ?" ಎಂದ ಭೀಮಣ್ಣ. "ಗಾಡಿ ಇತ್ತು, ಬರ್ತಿದ್ದೆ. ನೀವೂ ಬಾ ಅನಲಿಲ್ಲ." ನನ್ನ ಮುಖ ನೋಡಿ ಅವನಿಗೇ ಕನಿಕರವಾಯಿತೋ ಏನೋ, "ಹತ್ತು ಗಾಲಿ ಗಾಡಿ ನಡಸಿದಾಂವ ನಾ. ಒಂದು ಹೋದ್ರ ಗಾಡಿ ನಿಂದ್ರಂಗಿಲ್ಲ ಬಿಡ್ರಿ" ಎಂದು ಗೋಡೆಯ ಕಡೆ ಮಗ್ಗುಲಾದ.

ಆರು ಶನಿವಾರ ಅವನು ಫೋನು ಮಾಡಿದ್ದ. ಆರು ಸಲವೂ ನಾನು ತಾಮ್ರದ ದಪ್ಪ ಹೇಳಿದ್ದೆ. ಬಾ ಎಂಬ ಒಂದಕ್ಷರಕ್ಕೆ ನನ್ನ ಹತ್ತು ನಿಮಿಷಗಳಲ್ಲಿ ಜಾಗ ಸಿಕ್ಕಿರಲಿಲ್ಲ. ಒದ್ದೆ ಟವೆಲಿನವನು, ಮಾನವಿಯ ದೀಪದವನು, ಶಹಾಬಾದ್ ಕಲ್ಲಿನವರು, ಇವರ ಉಪದೇಶದಿಂದ ಯಾರ ಬೆರಳೂ ಹೋಗಿಲ್ಲ. ಊರಿನವರಿಗೆಲ್ಲ ಹಂಚಿಕೊಂಡು ಬಂದ ತಿರಸ್ಕಾರವನ್ನು ಹಿಂದಕ್ಕೆ ತರಿಸಿಕೊಂಡು ನಾನೊಬ್ಬನೇ ಇಟ್ಟುಕೊಳ್ಳುವುದು ನ್ಯಾಯವೆಂದು ಕಂಡಿತು. ಆಸ್ಪತ್ರೆಯಿಂದ ಮನೆಗೆ ಹೋಗುವ ದಾರಿಯಲ್ಲಿ ಅಂಗಡಿಗೆ ಹೋಗಿ, ಮೊದಲ ದಿನ ತೋರಿಸಿದ್ದ ಆ ಎರಡು ಪಂಖದ ಸಾದಾ ಕಾರ್ಡನ್ನೇ ಐದು ನಿಮಿಷದಲ್ಲಿ ತಂದೆ. ಅಂಗಡಿಯಾತ ಏನೂ ಅನ್ನಲಿಲ್ಲ. ಅನ್ನದೇ ಇದ್ದುದಕ್ಕೆ ಅವನ ಮೇಲೆ ನನಗೆ ಇವತ್ತಿಗೂ ಸ್ವಲ್ಪ ಸಿಟ್ಟಿದೆ. ಕಾರ್ಡು ಕೂರಿಸಿ, ಮುಚ್ಚಳ ಹಾಕಿ, ಕಂಪನಿಯ ವೇಗದಲ್ಲೇ ಓಡಿಸಿ ನೋಡಿದೆ. ಘಾಟಿ, ರಸ್ತೆ, ಬೇವಿನ ಮರ ಎಲ್ಲವೂ ಸರಿಯಾಗಿದ್ದವು. ಎಲೆಗಳು ಅಷ್ಟಾಗಿ ಅಲ್ಲಾಡಲಿಲ್ಲ. ಎಲೆ ಅಲ್ಲಾಡಲಿ ಎಂದು ಭೀಮಣ್ಣ ಎಂದೂ ಕೇಳಿರಲಿಲ್ಲ.

ಅವನು ಊರಿಗೆ ಹೋಗಿ ಗಾಯ ಮಾಯ್ದ ಮೇಲೆ ಒಂದು ಶನಿವಾರ ಫೋನು ಬಂತು. "ಬಂತೇನ್ರಿ, ಸರ?"

ಕಾರ್ಡು ಬಂದು ತಿಂಗಳಾಗಿತ್ತು. "ಇಲ್ಲ" ಎಂದೆ. "ನೀ ಬಾ."

"ಬಂದು ಏನ್ ಮಾಡ್ಲಿರಿ?"

"ಕಾಲು ತೊಳಕೊಂಡು, ಚಾ ಕುಡದು ಹೋಗು."

ಭಾನುವಾರ ಮೊದಲ ಬಸ್ಸಿಗೇ ಬಂದ, ಕೈಚೀಲದ ತುಂಬ ಹಸಿ ಶೇಂಗಾ. ನನ್ನ ಹೆಂಡತಿ ಕನ್ನಡಕ ಏರಿಸಿ ಒಂಬತ್ತು ಬೆರಳನ್ನೂ ಒಂದೊಂದಾಗಿ ನೋಡಿ ಒಳಗೆ ಬಿಟ್ಟಳು. ಮೂವರೂ ಪಡಸಾಲೆಯಲ್ಲಿ ಕೂತು ಶೇಂಗಾ ಬಿಡಿಸಿದೆವು. ಮಗನ ಲಾರಿಯ ವಿಷಯ, ಮಳೆಯ ವಿಷಯ, ಸೊಸೆಯ ಅಡುಗೆಯಲ್ಲಿ ಉಪ್ಪಿನ ವಿಷಯ ಮಾತಾಡುತ್ತ ಎರಡನೆಯ ಸಲ ಚಹಾ ಆಯಿತು. ಒಳಕೋಣೆಯ ಕಡೆ ಅವನು ಒಮ್ಮೆಯೂ ತಿರುಗಿ ನೋಡಲಿಲ್ಲ. ಸಂಜೆ ಬಸ್‌ಸ್ಟ್ಯಾಂಡಿನ ತನಕ ಹೋಗಿ ಅವನನ್ನು ಗಬ್ಬೂರಿನ ಬಸ್ಸಿನಲ್ಲಿ ಕೂರಿಸಿ ಬಂದೆ. ಕಾರ್ಡಿನ ಮಾತು ಮರೆತೆ ಎಂದರೆ ಸುಳ್ಳಾದೀತು. ಆ ದಿನ ನಾನು ಅದನ್ನು ಹೇಳಲಿಲ್ಲ.