ಮೊರದಲ್ಲಿ ಎಬ್ಬಿಸಿದ ಸಮುದ್ರ

ಬಂಗಾರಪೇಟೆ ತಾಲ್ಲೂಕಿಗೆ ಸಮುದ್ರ ತಂದವರಲ್ಲಿ ನಾನೂ ಒಬ್ಬ. ಇದನ್ನು ಕೊನೆಗೆ ಇಟ್ಟುಕೊಂಡರೆ ಅಷ್ಟರೊಳಗೆ ನೀವು ನನ್ನನ್ನು ಒಳ್ಳೆಯವನೆಂದು ನಂಬಿಬಿಡುವ ಅಪಾಯವಿದೆ. ನನ್ನ ದನಿ ನಂಬಿ ಕೆಟ್ಟವರು ಈಗಾಗಲೇ ಸಾಕಷ್ಟಿದ್ದಾರೆ. ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಇವತ್ತು ಬೆಳಿಗ್ಗೆ ಅಮ್ಮ ಬಾಗಿಲ ಬಳಿ ಕೂತು ರಾಗಿ ಕೇರುತ್ತಿದ್ದಳು. ಮೊರ ಈ ಕಡೆ ವಾಲಿತು, ಕಾಳು ಸರ್ರೆಂದು ಜಾರಿತು. ಆ ಕಡೆ ವಾಲಿತು, ಮತ್ತೆ ಸರ್ರ್. ಹಲ್ಲುಜ್ಜುತ್ತಿದ್ದವನು ಬ್ರಷ್ಷು ಬಾಯಲ್ಲೇ ಕಚ್ಚಿಕೊಂಡು ಬೀದಿಗೆ ಓಡಿದೆ. "ಏನ್ಲಾ, ಒಟ್ಟೆ ಕೆಟ್ಟೈತಾ?" ಎಂದಳು ಅಮ್ಮ. ಹೊಟ್ಟೆಯಲ್ಲ. ಆ ಸದ್ದು ಕೇಳಿದರೆ ನನಗೆ ಸಮುದ್ರ ಕೇಳಿಸುತ್ತದೆ, ಸಮುದ್ರ ಕೇಳಿಸಿದರೆ ಸಿಟ್ಟು ನೆತ್ತಿಗೇರುತ್ತದೆ. ನಾನು ಇವತ್ತಿನವರೆಗೂ ಸಮುದ್ರವನ್ನು ಕಣ್ಣಾರೆ ಕಂಡಿಲ್ಲ ಎನ್ನುವುದು ಬೇರೆ ಮಾತು.

ನನ್ನ ಕಸುಬು ಮಿಮಿಕ್ರಿ. ಮದುವೆ ಆರ್ಕೆಸ್ಟ್ರಾದಲ್ಲಿ ಹಾಡುವವರು ನೀರು ಕುಡಿದು ಗಂಟಲು ಸರಿಮಾಡಿಕೊಳ್ಳುವಷ್ಟು ಹೊತ್ತು ಜನ ಎದ್ದು ಊಟಕ್ಕೆ ಓಡದಂತೆ ನೋಡಿಕೊಳ್ಳುವ ಕೆಲಸ. ರಾಬರ್ಟ್‌ಸನ್‌ಪೇಟೆಯ ಈರುಳ್ಳಿ ಗಾಡಿಯವನು, ಟಿಕೆಟ್ ಕೊಡುವ ಮೊದಲೇ ಚಿಲ್ಲರೆಗೆ ಬಯ್ಯುವ ಕಂಡಕ್ಟರು, ಮೂರು ಭಾಷೆಯಲ್ಲಿ ಮತ ಕೇಳಿ ಮೂರರಲ್ಲೂ ಸುಳ್ಳು ಹೇಳುವ ಪುಢಾರಿ, ಎಲ್ಲರೂ ನನ್ನ ಗಂಟಲಲ್ಲೇ ಬಾಡಿಗೆಗಿದ್ದಾರೆ. ಅಷ್ಟು ಜನರಿರುವ ಕಡೆ ಮನೆ ಯಜಮಾನನಿಗೇ ಜಾಗವಿಲ್ಲ. ಫೋನು ಮಾಡಿದರೆ ಹೆತ್ತ ಅಮ್ಮನೇ "ಯಾರು ಮಾತಾಡೋದು?" ಎಂದು ಕೇಳುತ್ತಾಳೆ.

ಈ ವಿದ್ಯೆಗೆ ನನ್ನ ಮೊದಲ ಗುರುಗಳು ಕಪ್ಪೆಗಳು. ಮುನೆಮ್ಮತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಕಾಮಸಮುದ್ರದ ಬಸ್ಸು ಹತ್ತಿ ನಡುವೆ ಇಳಿದರೆ ಅವಳ ಊರು, ಊರಿನ ಬೆನ್ನಿಗೆ ಕೆರೆ. ಚಿಕ್ಕವನಿದ್ದಾಗ ರಜೆಗೆ ಅಲ್ಲಿಗೆ ಹೋದರೆ, ಮಳೆ ಬಿದ್ದ ಸಂಜೆ ಏರಿಯ ಮೇಲೆ ಕೂತು ಗಂಟಲು ಉಬ್ಬಿಸಿ ಒಂದು ಸಲ ವಟಗುಟ್ಟುತ್ತಿದ್ದೆ. ಜೊಂಡಿನೊಳಗಿಂದ ಯಾರೋ ಹಿರಿಯರು ಸಂಶಯದಿಂದ ಒಂದು ಮಾತು ಕೇಳುತ್ತಿದ್ದರು. ನಾನು ಉತ್ತರ ಕೊಟ್ಟರೆ ಇಡೀ ಕೆರೆ ಮಾತಿಗೆ ಬೀಳುತ್ತಿತ್ತು. "ನಿನ್ ಬೀಗ್ರು ಕರೀತವ್ರೆ, ಓಗ್ಲಾ, ಅಲ್ಲೇ ಉಣ್ಣು" ಎಂದು ಅತ್ತೆ ಮನೆಯಿಂದ ಕೂಗುತ್ತಿದ್ದಳು.

ಅತ್ತೆಗೆ ಮಕ್ಕಳಿಲ್ಲ. ಮಾವ ತೀರಿಕೊಂಡ ಮೇಲೆ ಕೂಲಿಗೆ ಹೋದಳು, ಆಮೇಲೆ ಒಂದು ಸೀಮೆ ಹಸು ಕಟ್ಟಿದಳು. ಕಪ್ಪು ಮೈ, ಹಣೆಯಲ್ಲಿ ಬಿಳಿ ಬೊಟ್ಟು, ಹೆಸರು ಚುಕ್ಕಿ. ಬೆಳಿಗ್ಗೆ ಸಂಜೆ ಡೈರಿಗೆ ಹಾಲು, ಅದರಲ್ಲೇ ಸಂಸಾರ. ಚುಕ್ಕಿಯ ಕೆಚ್ಚಲು ಒಣಗಿದರೆ ಅತ್ತೆಯ ಒಲೆ ಆರುತ್ತದೆ, ಲೆಕ್ಕ ಅಷ್ಟು ಸರಳ. ಆ ಹಸುವಿಗೋ ಮಹಾರಾಣಿಯ ಗತ್ತು. ನಲ್ಲಿ ನೀರನ್ನು ಮೂಸಿ ನೋಡಿ ಮುಖ ತಿರುಗಿಸುತ್ತಿತ್ತು, ಅದಕ್ಕೆ ಕೆರೆಯ ನೀರೇ ಆಗಬೇಕು. ಮಧ್ಯಾಹ್ನ ಕೆರೆ ಅಂಗಳದಲ್ಲಿ ಗರಿಕೆ ಮೇದು, ಮೊಣಕಾಲವರೆಗೆ ನೀರಿಗಿಳಿದು, ಊರನ್ನೆಲ್ಲ ಒಮ್ಮೆ ನೋಡಿ ಕುಡಿಯಲು ಶುರುಮಾಡುತ್ತಿತ್ತು. ನಾನು ಚುಕ್ಕಿಯ "ಅಂಬಾ"ವನ್ನೂ ಕಲಿತಿದ್ದೆ. ಅದನ್ನು ಕೇಳಿ ಅತ್ತೆ ಹಿಟ್ಟಿನ ಕೈಯಲ್ಲೇ ಕೊಟ್ಟಿಗೆಗೆ ಓಡಿಬಂದದ್ದುಂಟು. ಮುಂದಿನ ಸಲ ಪೊರಕೆ ಹಿಡಿದು ಬಂದಳು.

ಹೋದ ವರ್ಷಕ್ಕೂ ಹಿಂದಿನ ಬೇಸಿಗೆಯಲ್ಲಿ ಕೆರೆಯ ಆಚೆ ದಡದ ಜಮೀನು ಯಾರದೋ ಪಾಲಾಯಿತು. ತಿಂಗಳೊಪ್ಪತ್ತಿನಲ್ಲಿ ಫಲಕ ಎದ್ದಿತು: ಬೀಚ್ ರೆಸಾರ್ಟ್. ಉಪ್ಪು ಎಂದರೆ ಅಂಗಡಿಯ ಪ್ಯಾಕೆಟ್ಟು ಎಂದಷ್ಟೇ ತಿಳಿದ ನಮ್ಮ ಜಿಲ್ಲೆಯಲ್ಲಿ ಬೀಚು. ಶನಿವಾರ ಬೆಂಗಳೂರು ಬಿಟ್ಟು ಭಾನುವಾರ ಮನೆ ಸೇರುವವರಿಗೆ ಮಂಗಳೂರು ದೂರವಂತೆ, ಅದಕ್ಕೆ ಸಮುದ್ರವನ್ನೇ ಹತ್ತಿರ ತರುತ್ತಾರಂತೆ. ನಮ್ಮ ಕಡೆ ಹಿಂದಿನವರೂ ಕೆರೆ ಕಟ್ಟಿಸಿ ಸಮುದ್ರವೆಂದು ಹೆಸರಿಟ್ಟರು ನಿಜ. ಹೆಸರಿಟ್ಟು ಸುಮ್ಮನಾದರು, ಇವರು ಸುಮ್ಮನಾಗಲಿಲ್ಲ. ದಡದ ಹೊಂಗೆ ಮರಗಳನ್ನು ಉರುಳಿಸಿ ಪ್ಲಾಸ್ಟಿಕ್ ತೆಂಗಿನ ಮರ ನಿಲ್ಲಿಸಿ ಬಲ್ಬು ಸುತ್ತಿದರು. ಜೊಂಡನ್ನು ಬೇರು ಸಮೇತ ಕಿತ್ತರು. ಊರ ದನ ಮೇಯುವ ಕೆರೆ ಅಂಗಳದ ಮೇಲೆ ಲಾರಿ ಲಾರಿ ಬಿಳಿ ಮರಳು ಸುರಿದು, ಸುತ್ತ ತಂತಿ ಬಿಗಿದು, ದನಗಳಿಗೆಂದು ಮೂಲೆಯಲ್ಲಿ ಒಂದು ಸಂದು ಬಿಟ್ಟರು. ಆ ಸಂದೂ ಮರಳಿನ ಮೇಲೆಯೇ ನೀರಿಗೆ ಇಳಿಯುತ್ತಿತ್ತು.

ಆಗ ಊರು ಯಾಕೆ ಸುಮ್ಮನಿತ್ತು ಎಂದು ಕೇಳಬೇಡಿ. ಊರು ನನ್ನ ದನಿ ಕೇಳುತ್ತಿತ್ತು. ರೆಸಾರ್ಟಿನ ಮ್ಯಾನೇಜರು ಕರಾವಳಿಯವರು, ಮಾತಿಗೊಮ್ಮೆ "ಮಾರಾಯ್ರೆ" ಎನ್ನುವ ಸಾಧು ಮನುಷ್ಯ. ಯಾವುದೋ ಮದುವೆಯಲ್ಲಿ ನನ್ನನ್ನು ಕೇಳಿದ್ದವರು ಮನೆಗೇ ಬಂದರು. ಪ್ರಚಾರಕ್ಕೊಂದು ದನಿ ಬೇಕು, ಮರಳ ಮೇಲೆ ಕೂತವರಿಗೆ ಕೇಳಿಸಲು ಅಲೆಯ ಸದ್ದೂ ಬೇಕು. "ಅಲೆಯ ಸದ್ದು ಫೋನಿನಲ್ಲೇ ಸಿಗುತ್ತದಲ್ಲ ಸಾರ್" ಎಂದೆ. "ಸಿಗ್ತದೆ. ಆದರೆ ಊರಿನ ಕಲಾವಿದರು ಮಾಡಿದರೆ ಊರಿನವರಿಗೂ ನಮ್ಮದು ಅನ್ನಿಸ್ತದೆ, ಅಲ್ವಾ ಮಾರಾಯ್ರೆ?" ಎಂದರು. ಕಲಾವಿದ. ಅಲ್ಲಿಯವರೆಗೆ ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ. ಆ ಒಂದು ಪದಕ್ಕೆ ನಾನು ಕೆರೆಯನ್ನು ಕೊಟ್ಟೆ.

ನೋಡದ ಸಮುದ್ರವನ್ನು ಗಂಟಲಲ್ಲಿ ತರಲಾಗಲಿಲ್ಲ. ಊದಿದರೆ ಗಾಳಿಯಾಯಿತು, ಉಗುಳಿದರೆ ನಲ್ಲಿಯಾಯಿತು. ಕೊನೆಗೆ ಅತ್ತೆಯ ಕೈಗೆ ಮೊರ ಕೊಟ್ಟು, ರಾಗಿ ಹಾಕಿ, ಮೆಲ್ಲಗೆ ವಾಲಾಡಿಸು ಎಂದೆ. ಫೋನನ್ನು ಪಕ್ಕದಲ್ಲಿಟ್ಟೆ. ಅದ್ಭುತವಾದ ಸಮುದ್ರ. "ಇಂಗೇನ್ಲಾ ಅರ್ಚೋದು ಅದು? ಇದುನ್ ಕೇಳಕ್ಕೆ ಬೆಂಗ್ಳೂರಿಂದ ಬತ್ತಾರಾ?" ಎಂದು ಅತ್ತೆ ನಕ್ಕಳು. ಆ ನಗು ರೆಕಾರ್ಡಾಗಿತ್ತು, ಕತ್ತರಿಸಿ ತೆಗೆದೆ. ಆಮೇಲೆ ಗೆಳೆಯ ಸೆಲ್ವನ ಆಟೋಗೆ ಮೈಕು ಕಟ್ಟಿ, ಕನ್ನಡ ತಮಿಳು ತೆಲುಗಿನಲ್ಲಿ "ಬನ್ನಿ, ನಿಮ್ಮ ಮನೆ ಬಾಗಿಲಿಗೇ ಕಡಲು" ಎಂದು ರಾಬರ್ಟ್‌ಸನ್‌ಪೇಟೆಯಿಂದ ಕಾಮಸಮುದ್ರದವರೆಗೆ ಸಾರಿದೆವು. ಪ್ರತಿಫಲವಾಗಿ ಮೀನಿನ ಚಿತ್ರದ ಟೀ ಶರ್ಟು, ಜೊತೆಗೆ ಇಬ್ಬರಿಗೂ ಬಿರಿಯಾನಿ.

ಬಿರಿಯಾನಿಗೆ ಹೋದ ದಿನವೇ ಗುಟ್ಟು ಒಡೆದದ್ದು. ಸೆಲ್ವ ಚಾಂಪಿಯನ್ ರೀಫ್ಸ್‌ನವನು. ಅವನ ತಾತ ಅಲ್ಲಿನ ಚಿನ್ನದ ಗಣಿಯೊಳಗೆ ಇಳಿದವರು, ಅಪ್ಪನೂ. ಚಪ್ಪಲಿ ಕಳಚಿ ಆ ಬಿಳಿ ಮರಳಿನ ಮೇಲೆ ಕಾಲಿಟ್ಟವನು ಹಾಗೇ ನಿಂತ. ಕೂತು ಒಂದು ಹಿಡಿ ತೆಗೆದುಕೊಂಡು ಬೆರಳಲ್ಲಿ ಹೊಸಕಿದ. ಅದು ಮರಳಿನಂತೆ ಉದುರಲಿಲ್ಲ, ಮೈದಾ ಹಿಟ್ಟಿನಂತೆ ಚರ್ಮಕ್ಕೆ ಮೆತ್ತಿಕೊಂಡಿತು.

"ಡೇಯ್, ಇದು ಕಡಲ್ ಮಣಲ್ ಇಲ್ಲ ಡಾ" ಎಂದ. "ನಮ್ ದಿಬ್ಬದ್ದು."

ನಮ್ಮ ಊರಿನವರಿಗೆ ದಿಬ್ಬ ಎಂದರೆ ಸಾಕು, ನಿಮಗೆ ಹೇಳಬೇಕಾಗುತ್ತದೆ. ಗಣಿಯಿಂದ ತಂದ ಕಲ್ಲನ್ನು ಹಿಟ್ಟಾಗಿ ಅರೆದು, ಸೈನೈಡಿನಲ್ಲಿ ಚಿನ್ನ ತೊಳೆದುಕೊಂಡ ಮೇಲೆ ಉಳಿದ ಪುಡಿಯನ್ನು ಗುಡ್ಡ ಗುಡ್ಡವಾಗಿ ಸುರಿದರು. ಚಿನ್ನ ಎಲ್ಲೆಲ್ಲಿಗೋ ಹೋಯಿತು, ಗುಡ್ಡಗಳು ನಮ್ಮ ಪಾಲಿಗೆ ಉಳಿದವು. ಗಾಳಿ ಕಾಲದಲ್ಲಿ ಆ ಪುಡಿ ಎದ್ದು ಸೆಲ್ವನ ಬೀದಿಗೆ ಬರುತ್ತದೆ, ಬಟ್ಟೆಗೆ, ಕಣ್ಣಿಗೆ, ಎದೆಗೆ. "ಗಾಳಿ ಬಂದ್ರೆ ಸಾಕು, ನಮ್ಮಮ್ಮ ಅನ್ನದ ಮೇಲೆ ತಟ್ಟೆ, ತಟ್ಟೆ ಮೇಲೆ ಬಟ್ಟೆ ಮುಚ್ಚೋರು. ಇಲ್ಲಿ ನೋಡು, ಮಕ್ಳು ಇದ್ರಲ್ಲಿ ಮನೆ ಕಟ್ತವೆ" ಎಂದ ಸೆಲ್ವ. ಬಿರಿಯಾನಿ ಮುಟ್ಟಲಿಲ್ಲ. ನಾನು ಅರ್ಧ ತಿಂದಿದ್ದೆ, ಅದೂ ನಿಜ. ತಲೆಯ ಮೇಲೆ ಪ್ಲಾಸ್ಟಿಕ್ ತೆಂಗಿನ ಮರಕ್ಕೆ ಕಟ್ಟಿದ ಸ್ಪೀಕರಿನಿಂದ ಅತ್ತೆಯ ರಾಗಿ ಸರ್ರ್ ಎನ್ನುತ್ತಿತ್ತು.

ಮ್ಯಾನೇಜರನ್ನು ಹಿಡಿದು ಕೇಳಿದೆವು. ಅವರು ಅಲ್ಲಗಳೆಯಲೂ ಇಲ್ಲ. ಕಡಲ ಮರಳನ್ನು ಇಷ್ಟು ದೂರ ತರಲಾಗದು, ಯಾರೋ ಹತ್ತಿರದಲ್ಲೇ ಬೆಳ್ಳಗಿರುವುದು ಉಂಟೆಂದರು, ತಂದು ಹಾಕಿದರು, ಮರಳು ಮರಳೇ ಅಲ್ವಾ. ಆಮೇಲೆ ದನಿ ತಗ್ಗಿಸಿ ತಮ್ಮೂರಿನ ಕಥೆ ಹೇಳಿದರು. ಈ ರೆಸಾರ್ಟಿನ ಧಣಿಗಳೇ ಅಲ್ಲಿ ಕಡಲ ದಂಡೆಯಲ್ಲಿ ರೆಸಾರ್ಟು ಕಟ್ಟುವಾಗ ಮರಳ ದಿನ್ನೆಗಳನ್ನು ಸಪಾಟು ಮಾಡಿ, ಮರಳನ್ನು ಹಿಡಿದಿಟ್ಟುಕೊಂಡಿದ್ದ ಬಳ್ಳಿಗಳನ್ನು ಕಿತ್ತು ಹುಲ್ಲುಹಾಸು ಹಾಸಿದರಂತೆ. ತಡೆಗೋಡೆಯನ್ನೂ ಕಟ್ಟಿಸಿಕೊಂಡರು. ಗೋಡೆಗೆ ಬಡಿದ ಅಲೆ ಪಕ್ಕಕ್ಕೆ ತಿರುಗಿ ಮೀನುಗಾರರ ಮನೆಗಳನ್ನು ತಿಂದಿತು, ಮುಂದಿನ ಮಳೆಗಾಲಕ್ಕೆ ಗೋಡೆಯನ್ನೂ. "ನಮ್ಮ ಚಿಕ್ಕಪ್ಪನ ಮನೆಯೂ ಹೋಯ್ತು" ಎಂದರು. "ಎಂತ ಮಾಡುವುದು? ನಾನು ಸಂಬಳಕ್ಕೆ ಇರುವವ. ಕಡಲು ಮಾತು ಕೇಳುವುದಿಲ್ಲ ಮಾರಾಯ್ರೆ. ಕೆರೆಯಾದರೆ ಸುಮ್ಮನಿರ್ತದೆ ಅಂತ ಧಣಿಗಳು ಇಲ್ಲಿಗೆ ಬಂದದ್ದು."

ಈ ಕೊನೆಯ ಮಾತನ್ನು ನಾನು ಎಷ್ಟೋ ಸಲ ಅವರದೇ ದನಿಯಲ್ಲಿ ಆಡಿ ನೋಡಿದ್ದೇನೆ. ಸುಮ್ಮನಿರುವುದನ್ನೇ ಹುಡುಕಿಕೊಂಡು ಬಂದಿದ್ದರು. ಸುಮ್ಮನಿರುವ ಕೆರೆ, ಸುಮ್ಮನೆ ಬಿದ್ದ ದಿಬ್ಬ, ಸುಮ್ಮನಿರದಿದ್ದರೂ ಒಂದು ಟೀ ಶರ್ಟಿಗೆ ಸುಮ್ಮನಾಗುವ ಕಲಾವಿದ.

ಮರಳನ್ನು ಬಿಸ್ಕತ್ತಿನ ಕವರಿಗೆ ತುಂಬಿಕೊಂಡು ಕಚೇರಿಗಳನ್ನು ಸುತ್ತಿದೆವು. ಒಬ್ಬರ ವ್ಯಾಪ್ತಿಗೆ ಕೆರೆ ಸೇರಿತ್ತು, ಮರಳು ಸೇರಿರಲಿಲ್ಲ. ಇನ್ನೊಬ್ಬರಿಗೆ ದಿಬ್ಬ ಸಂಬಂಧಿಸಿತ್ತು, ಆದರೆ ದಿಬ್ಬದಲ್ಲಿ ಇರುವವರೆಗೆ ಮಾತ್ರ. ಲಾರಿ ಹತ್ತಿದ ಮೇಲೆ ಅದು ರಸ್ತೆಯವರಿಗೆ, ರಸ್ತೆಯವರಿಗೆ ಲಾರಿಯ ನಂಬರು ಬೇಕು. "ಪರೀಕ್ಷೆಗೆ ಕಳಿಸೋಣ, ಬಿಟ್ಟೋಗಿ" ಎಂದು ಒಬ್ಬರು ಕವರನ್ನು ಇಸಿದುಕೊಂಡರು. ಮುಂದಿನ ವಾರ ಹೋದಾಗ ಅದು ಕಿಟಕಿಯಲ್ಲಿತ್ತು, ಅದರಲ್ಲಿ ಊದುಬತ್ತಿ ಸಿಕ್ಕಿಸಿದ್ದರು. ಸೆಲ್ವ ಕೈಮುಗಿದ. "ಸಾಮಿ ಕುಂಬಿಟ್ಟುಕ್ಕೋ ಡಾ, ನಮ್ ದಿಬ್ಬಕ್ಕೆ ಪೂಜೆ ಆಗ್ತಾ ಅದೆ" ಎಂದ. ಇಬ್ಬರೂ ಹೊರಗೆ ಬಂದು ಹುಚ್ಚರಂತೆ ನಕ್ಕೆವು. ನಮ್ಮ ಸಿಟ್ಟು ಹೀಗೇ ನಗುವಿನಲ್ಲಿ ಸೋರಿಹೋಗುತ್ತದೆ. ಅದು ಅವರಿಗೂ ಗೊತ್ತು.

ಮೊದಲ ದೊಡ್ಡ ಮಳೆಗೆ ಮರಳು ಕರಗಿ ನೀರಿಗಿಳಿಯಿತು. ಕೆರೆಯ ಆ ಅರ್ಧ ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಯಿತು. ದಡಕ್ಕೆ ಸಣ್ಣ ಮೀನುಗಳು ಹೊಟ್ಟೆ ಮೇಲಾಗಿ ಬಂದವು. ಆ ಸಂಜೆ ಏರಿಯ ಮೇಲೆ ನಿಂತು ಹಳೆಯ ಅಭ್ಯಾಸದಂತೆ ಒಂದು ಸಲ ವಟಗುಟ್ಟಿದೆ. ಕಾದೆ. ಇನ್ನೊಂದು ಸಲ ಕರೆದೆ. ಆಚೆ ದಡದಿಂದ ಮೊರದ ಸಮುದ್ರವೊಂದೇ ಉತ್ತರ ಕೊಡುತ್ತಿತ್ತು.

ಚುಕ್ಕಿ ಮಾತ್ರ ತನ್ನ ಹಟ ಬಿಡಲಿಲ್ಲ. ಅತ್ತೆ ಮನೆಯಲ್ಲಿ ಕಟ್ಟಿಹಾಕಿ ತೊಟ್ಟಿಗೆ ನಲ್ಲಿ ನೀರು ಹಿಡಿದಳು, ಬೆಲ್ಲ ಕಲಸಿದಳು, ಮುದ್ದು ಮಾಡಿದಳು, ಬಯ್ದಳು. ಎರಡು ಸಲ ಹಗ್ಗ ಕಿತ್ತುಕೊಂಡು ಅದೇ ಸಂದಿಗೆ ಓಡಿತು. ಆಮೇಲೆ ಮೇವು ಬಿಟ್ಟಿತು. ಹೊಟ್ಟೆ ಉಬ್ಬಿತು, ಹಾಲು ಕಡಿಮೆಯಾಯಿತು. ದನದ ಡಾಕ್ಟ್ರು ಬಂದು ಹೊಟ್ಟೆಯೆಲ್ಲ ಪುಡಿ ಕಟ್ಟಿಕೊಂಡಿದೆ ಎಂದರು. ಬರೀ ಮರಳೋ, ಅದರಲ್ಲಿ ಮತ್ತೇನಿದೆಯೋ ಎಂದು ಕೇಳಿದ್ದಕ್ಕೆ, ಪರೀಕ್ಷೆ ಆಗದೆ ಹೇಗೆ ಹೇಳಲಿ ಎಂದರು. ಪರೀಕ್ಷೆಗೆ ಹೋಗಬೇಕಾದದ್ದು ಕಿಟಕಿಯಲ್ಲಿ ಊದುಬತ್ತಿ ಹೊತ್ತುಕೊಂಡು ಕೂತಿತ್ತು. ಒಂದು ಬೆಳಿಗ್ಗೆ ಚುಕ್ಕಿ ಏಳಲಿಲ್ಲ. ಅತ್ತೆ ಅಳಲಿಲ್ಲ. ಹಾಲಿನ ಕ್ಯಾನನ್ನು ತೊಳೆದು, ಒಣಗಿಸಿ, ಅಟ್ಟದ ಮೇಲೆ ಬೋರಲು ಹಾಕಿದಳು. ಈಗ ಮತ್ತೆ ಕೂಲಿಗೆ ಹೋಗುತ್ತಾಳೆ.

ರೆಸಾರ್ಟು ಇನ್ನೂ ಇದೆ. ಕಾಮಸಮುದ್ರದ ಬಸ್ಸು ಆ ತಿರುವು ದಾಟುವಾಗ ನನ್ನ ಸಮುದ್ರ ಕೇಳಿಸುತ್ತದೆ, ಕಿಟಕಿ ಮುಚ್ಚಿಕೊಳ್ಳುತ್ತೇನೆ. ನಾನು ಮತ್ತು ಸೆಲ್ವ ಅದೇ ಆಟೋ, ಅದೇ ಮೈಕು ಹಿಡಿದು ಅದು ಎಲ್ಲಿಯ ಮರಳೆಂದು ಅದೇ ಮೂರು ಭಾಷೆಯಲ್ಲಿ ಹೇಳಿಕೊಂಡು ತಿರುಗುತ್ತೇವೆ. ಜನ ಇದನ್ನೂ ಮಿಮಿಕ್ರಿ ಎಂದುಕೊಂಡು ನಗುತ್ತಾರೆ. ಮದುವೆಗಳಲ್ಲಿ ಈಗಲೂ ಎಲ್ಲರನ್ನೂ ಆಡುತ್ತೇನೆ, ಹಸುವೊಂದನ್ನು ಬಿಟ್ಟು. ಇವತ್ತು ಬಾಯಿ ತೊಳೆದು ಒಳಗೆ ಬಂದವನು ಅಮ್ಮನ ಕೈಯಿಂದ ಮೊರ ತೆಗೆದುಕೊಂಡು ಉಳಿದ ರಾಗಿಯನ್ನು ನಾನೇ ಕೇರಿದೆ. ಕಲ್ಲು ಹೊರಗೆ, ಕಾಳು ಒಳಗೆ. ಮೊರ ಇರುವುದು ಅದಕ್ಕೆ. ಕೇರುವಾಗ ಅತ್ತೆಯ ಮನೆಯಲ್ಲಿ ಕಳೆದ ಆ ಸಂಜೆ ನೆನಪಾಯಿತು.

ಚುಕ್ಕಿ ಹೋಗಿ ಇನ್ನೂ ಬಹಳ ದಿನವಾಗಿರಲಿಲ್ಲ. ಹಾಲು ಕರೆಯುವ ಹೊತ್ತಾದರೆ ಅತ್ತೆಗೆ ಕೈ ಸುಮ್ಮನಿರುತ್ತಿರಲಿಲ್ಲ, ಖಾಲಿ ಕೊಟ್ಟಿಗೆಯ ಮುಂದೆ ಚುಕ್ಕಿಯ ಹಾಲು ಹಿಡಿಯುತ್ತಿದ್ದ ಹಳೆಯ ಹಿತ್ತಾಳೆ ಚೊಂಬನ್ನು ಹುಣಸೆಹಣ್ಣಿನಲ್ಲಿ ಉಜ್ಜುತ್ತ ಕೂತಿದ್ದಳು. ನಾನು ಹೊಸಿಲ ಮೇಲಿದ್ದೆ. ಮ್ಯಾನೇಜರು ನನ್ನನ್ನು ಹುಡುಕಿಕೊಂಡು ಅಲ್ಲಿಗೇ ಬಂದರು. ಬೆಂಗಳೂರಿನಿಂದ ಬಂದವರು ದೂರುತ್ತಿದ್ದಾರಂತೆ, ಕೆರೆಯ ಪಕ್ಕ ಇದ್ದೂ ಒಂದು ಕಪ್ಪೆಯ ಸದ್ದಿಲ್ಲ, ಹಳ್ಳಿಗೆ ಬಂದಹಾಗೆ ಅನ್ನಿಸುವುದೇ ಇಲ್ಲ ಎಂದು. "ಅಲೆ ಎಷ್ಟು ಚಂದ ಮಾಡಿದ್ರಿ. ಹಾಗೇ ಒಂದು ಕಪ್ಪೆ ಮಾಡಿ ಕೊಡಿ ಮಾರಾಯ್ರೆ" ಎಂದರು. ಬಯ್ಯಬೇಕೆಂದು ಬಾಯಿ ತೆರೆದೆ. ಯಾರ ದನಿಯಲ್ಲಿ ಬಯ್ಯಬೇಕೆಂದು ತಿಳಿಯಲಿಲ್ಲ. ಅದಕ್ಕಿಂತ ನಾಚಿಕೆಗೇಡಿನ ಸಂಗತಿ, ಗಂಟಲು ತನ್ನಷ್ಟಕ್ಕೆ ತಾನು ಉಬ್ಬಿಕೊಳ್ಳಲು ನೋಡಿತು. ಮ್ಯಾನೇಜರು ಅತ್ತೆಯ ಕಡೆ ತಿರುಗಿ, "ನೀವಾದರೂ ಒಂದು ಮಾತು ಹೇಳಿ ಅಮ್ಮ" ಎಂದರು.

ಅತ್ತೆ ಚೊಂಬನ್ನು ತಿರುಗಿಸಿ ನೋಡಿ, ಇನ್ನೊಂದು ಸಲ ಉಜ್ಜಿ, ತಲೆಯೆತ್ತದೆ ಹೇಳಿದಳು:

"ಕಪ್ಪೆ ಆಡ್ತಾನೆ ಕಣಪ್ಪಾ, ಅದ್ರಾಗೇನು ಅನುಮಾನ ಇಲ್ಲ. ನಮ್ ಚುಕ್ಕಿ ಅಂಬಾ ಅಂತಿದ್ಲಲ್ಲ, ಅದುನ್ನೂ ಅಂಗಂಗೇ ಆಡ್ತಾನೆ. ಡೈರಿಗೆ ಆಲು ಆಕೋ ಒತ್ತಾತು, ನೀನೇ ತೋರ್ಸು, ಇವ್ನ ಅಂಬಾ ಕೆಳ್ಗೆ ಚೊಂಬು ಎಲ್ಲಿ ಇಡೀಲಿ?"