ಕೆಂಪು ದಾರದ ಸಹಿ

ಕಳೆದ ವಾರ ಮಗಳು ಹಳೆಯ ಟ್ರಂಕು ತೆಗೆದಳು. ಡಾಂಬರು ಗುಳಿಗೆಯ ವಾಸನೆಯ ಜೊತೆ ಒಂದು ತಲೆದಿಂಬಿನ ಗಲೀಫು ಹೊರಗೆ ಬಂತು. ಬಿಳಿ ಬಟ್ಟೆ ಹಳದಿಯಾಗಿದೆ. ಮೂಲೆಯಲ್ಲಿ ಕೆಂಪು ದಾರದಿಂದ ಹೊಲಿದ ನನ್ನ ಹೆಸರು ಮಾತ್ರ ಹಾಗೇ ಇದೆ. "ಯವ್ವಾ, ಇದನ್ನ ನಿನಗ ಯಾರು ಕಲಿಸಿದ್ರು?" ಅಂದಳು. ನೆನಪಿಲ್ಲ ಅಂದುಬಿಟ್ಟೆ. ಈ ಗಲೀಫಿನ ವಿಷಯದಲ್ಲಿ ನಾನು ಹೇಳಿದ ಎರಡನೇ ಸುಳ್ಳು ಅದು.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಸಿಂದಗಿ ಹತ್ತಿರದ ನಮ್ಮೂರಿಗೆ ಮಂಗಳೂರು ಕಡೆಯ ಕ್ರೈಸ್ತ ಸನ್ಯಾಸಿನಿಯೊಬ್ಬರು ಬಂದಿದ್ದರು. ನಾವು ಸಿಸ್ಟರಬಾಯಿ ಎನ್ನುತ್ತಿದ್ದೆವು. ಬೆಳಿಗ್ಗೆ ದವಾಖಾನೆ, ಮಧ್ಯಾಹ್ನ ಹೆಂಗಸರಿಗೆ ಹೊಲಿಗೆ. ಪೆನ್ಸಿಲ್ ಹಿಡಿದರೆ ನಮ್ಮ ಕೈ ನಡುಗುತ್ತಿತ್ತು, ಸೂಜಿ ಹಿಡಿದರೆ ಇಲ್ಲ. ಅದನ್ನು ನೋಡಿ ಅವರು ಬಟ್ಟೆಯ ಮೇಲೆ ನಮ್ಮ ನಮ್ಮ ಹೆಸರು ಬರೆದು, ಅದರ ಗುಂಟ ದಾರ ಎಳೆಯಿರಿ ಎಂದರು. ಕೌದಿ ಹೊಲಿಯುವ ಕೈಗೆ ಹಾಗೆ ಅಕ್ಷರ ಬಂತು.

ಮರುವರ್ಷ ಹೊಲದ ಬದುವಿನ ಜಗಳದಲ್ಲಿ ದಾಯಾದಿಯೊಬ್ಬ ನನ್ನ ಗಂಡನನ್ನು ಹಾಡಹಗಲೇ ಕೊಡಲಿಯಿಂದ ಕೊಚ್ಚಿದ. ನನಗೆ ಆಗ ಮೂರು ತಿಂಗಳು. ಈ ಕೂಸು ಬೇಡ, ಔಷಧಿ ಕೊಡಿ ಎಂದು ಸಿಸ್ಟರಬಾಯಿಯ ಬಾಗಿಲಿಗೆ ಹೋದೆ. ಅವರು ಬಯ್ಯಲಿಲ್ಲ. ಜೀವ ದೇವರದು, ತೆಗೆಯುವ ಹಕ್ಕು ನಿನಗೂ ಇಲ್ಲ, ನನಗೂ ಇಲ್ಲ ಎಂದು ಹೇಳಿ, ಹೆರಿಗೆಯ ತನಕ ನನ್ನನ್ನು ತಮ್ಮ ಕಣ್ಣೆದುರೇ ಇಟ್ಟುಕೊಂಡರು. ಮಗಳು ಹುಟ್ಟಿದಾಗ ಮೊದಲು ಎತ್ತಿಕೊಂಡವರು ಅವರೇ.

ನನ್ನ ಎದೆಯ ಬೆಂಕಿ ಆರಲಿಲ್ಲ. ಪ್ರತಿ ತಾರೀಖಿಗೂ ಬಿಜಾಪುರದ ಕೋರ್ಟಿಗೆ ಹೋಗಿ, ಆ ದಾಯಾದಿಯ ಕಣ್ಣಿಗೆ ಬೀಳುವ ಹಾಗೆ ಮುಂದೆಯೇ ಕೂತೆ. ಗಲ್ಲು ಎಂದು ತೀರ್ಪು ಬಂದಾಗ ಓಣಿಗೆಲ್ಲ ಸಕ್ಕರೆ ಹಂಚಿದೆ. ನಾಚಿಕೆಯಾಗಲಿಲ್ಲ.

ಕೆಲವು ತಿಂಗಳ ಮೇಲೆ ಸಿಸ್ಟರಬಾಯಿ ಒಂದು ಕಾಗದ ಹಿಡಿದು ಬಂದರು. ಅವನ ಜೀವ ಉಳಿಸಿ ಎಂದು ರಾಷ್ಟ್ರಪತಿಗೆ ಬರೆದ ಅರ್ಜಿ. ಅವನ ತಾಯಿ ಹೆಬ್ಬೆಟ್ಟು ಒತ್ತಿದ್ದಳು. ಸತ್ತವನ ಹೆಂಡತಿಯ ಸಹಿಯೂ ಇದ್ದರೆ ಮೇಲಿನವರು ಕೇಳಬಹುದು ಎಂದರು. ಸಾಯುವ ತನಕ ಜೈಲಿನಲ್ಲೇ ಇರಲಿ, ಕೊಲ್ಲುವುದು ಬೇಡ ಎಂದರು.

"ನನ್ನ ಗಂಡನ ಜೀವ ಯಾರದಿತ್ರಿ?" ಅಂದೆ.

"ಅದೂ ದೇವರದೇ. ಇವನದೂ ದೇವರದೇ. ನಿನ್ನ ಮಗುವಿಗೆ ಒಂದು ಮಾತು, ಇವನಿಗೆ ಇನ್ನೊಂದು ಮಾತು ಹೇಳಲು ನನಗೆ ಬರುವುದಿಲ್ಲ."

ಪೆನ್ನಿನ ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದರು. ಅವರ ಮುಖ ನೋಡುತ್ತಲೇ ಹೇಳಿದೆ: "ನನಗ ಸಹಿ ಮಾಡಾಕ ಬರೂದಿಲ್ರಿ."

ಪಕ್ಕದಲ್ಲಿ ಮಗಳು ಆ ದಿಂಬಿನ ಮೇಲೆಯೇ ಮಲಗಿದ್ದಳು. ಕೆಂಪು ದಾರದ ಹೆಸರು ಅವಳ ಕೆನ್ನೆಯ ಹತ್ತಿರವೇ ಇತ್ತು. ಸಿಸ್ಟರಬಾಯಿ ಅದನ್ನು ನೋಡಿದರು, ನನ್ನನ್ನು ನೋಡಿದರು. ಹೆಬ್ಬೆಟ್ಟಾದರೂ ಒತ್ತು ಎನ್ನಲಿಲ್ಲ. ಕಾಗದ ಮಡಚಿ, ಕೂಸಿನ ಹೊದಿಕೆ ಸರಿಮಾಡಿ ಹೋದರು.

ಅವನನ್ನು ಗಲ್ಲಿಗೆ ಹಾಕಿದರು. ಸುದ್ದಿ ಬಂದ ದಿನ, ಗಂಡ ಸತ್ತ ಮೇಲೆ ಮೊದಲ ಸಲ, ಹೊಟ್ಟೆ ತುಂಬ ಉಂಡೆ. ಸಿಸ್ಟರಬಾಯಿ ಅಂದು ಇಡೀ ದಿನ ಅವನ ತಾಯಿಯ ಜೊತೆ ಕೂತಿದ್ದರಂತೆ. ಅದನ್ನು ಕೇಳಿ ಅವರ ಮೇಲೂ ಸಿಟ್ಟು ಬಂತು. ಬೇರೆ ಊರಿಗೆ ವರ್ಗವಾದಾಗ ನನಗೆ ಹೇಳಿ ಹೋಗಲು ಬಂದರು; ನಾನು ಹಿತ್ತಲ ಬಾಗಿಲಿನಿಂದ ಹೊಲಕ್ಕೆ ಹೋದೆ. ಆಮೇಲೆ ಎಲ್ಲಿದ್ದರೋ... ತೀರಿಕೊಂಡ ಸುದ್ದಿ ಯಾರದೋ ಬಾಯಿಂದ, ಬಹಳ ತಡವಾಗಿ ಬಂತು.

ಅವರು ಕಲಿಸಿದ ಅಕ್ಷರದ ಮೇಲೆಯೇ ನನಗೆ ಬಾಲವಾಡಿಯ ಕೆಲಸ ಸಿಕ್ಕಿತು. ನಿವೃತ್ತಿಯ ತನಕ ದಿನಾ ಹಾಜರಿಗೆ ಸಹಿ ಮಾಡಿದೆ. ಅವನನ್ನು ಇಂದಿಗೂ ಕ್ಷಮಿಸಿಲ್ಲ, ಕ್ಷಮಿಸುವ ಮನಸ್ಸೂ ಇಲ್ಲ. ಆದರೆ ಸಿಸ್ಟರಬಾಯಿಯ ಹತ್ತಿರ ಇದ್ದದ್ದು ಒಂದೇ ಮಾತು. ಅದನ್ನು ನನ್ನ ಮಗಳಿಗೆ ಇಟ್ಟುಕೊಂಡೆ, ಅವನಿಗೆ ಸಿಗಗೊಡಲಿಲ್ಲ.

ಮಗಳು ಗಲೀಫು ಒಗೆದು ಹಗ್ಗಕ್ಕೆ ಹಾಕಿದ್ದಾಳೆ. ಅವಳಿಗೆ ಹೇಳಬೇಕು, ನಿನ್ನನ್ನು ಉಳಿಸಿದವರೇ ಇದನ್ನು ಕಲಿಸಿದರು ಅಂತ... ಯಾರ ಕೈಯಿಂದ ಉಳಿಸಿದರು ಎಂದು ಅವಳು ಕೇಳಿಯೇ ಕೇಳುತ್ತಾಳೆ.